ಅತ್ತೆಯ ಲೋಟ ಮತ್ತು ನನ್ನ ತಮಿಳು

ಪ್ರತಿಯೊಂದು ಊರಿಗೂ ಒಬ್ಬ ಧೈರ್ಯಸ್ಥ ಬೇಕು. ಕತ್ತಲಲ್ಲಿ ತೋಟಕ್ಕೆ ಹೋಗಿಬರಲು ಅಲ್ಲ, ಅದಕ್ಕೆ ಒಂದು ಟಾರ್ಚು ಸಾಕು. ದೆವ್ವ ಇಲ್ಲ, ಭೂತ ಇಲ್ಲ ಎಂದು ಆಗಾಗ ಗಟ್ಟಿಯಾಗಿ ಹೇಳುತ್ತಿರಲು ಒಬ್ಬ ಬೇಕು. ಜಾವಗಲ್ಲಿನಲ್ಲಿ ಆ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ಇಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಚಾಕುವಿಗೆ ದಾಸವಾಳದ ಹೂ ಉಜ್ಜಿ ಒಣಗಿಸಿಟ್ಟುಕೊಂಡು, ಮಕ್ಕಳ ಎದುರಿಗೆ ನಿಂಬೆಹಣ್ಣು ಕೊಯ್ದು 'ರಕ್ತ' ಬರಿಸುತ್ತೇನೆ. ಆಮೇಲೆ ಅದು ರಕ್ತವಲ್ಲ, ಹುಳಿ ತಾಗಿ ಹೂವಿನ ರಸ ಕೆಂಪಾದದ್ದು ಎಂದು ವಿವರಿಸುತ್ತೇನೆ. ಮಕ್ಕಳು ವಿವರಣೆಯನ್ನು ಮರೆತು ರಕ್ತವನ್ನು ಮಾತ್ರ ಮನೆಗೆ ಹೊತ್ತುಕೊಂಡು ಹೋಗುತ್ತಾರೆ ಎಂಬುದು ಬೇರೆ ಮಾತು. ಊರಿನವರು ನನ್ನ ಬೆನ್ನ ಹಿಂದೆ ನನಗೆ 'ದೆವ್ವ ಇಲ್ದ ಮೇಷ್ಟ್ರು' ಎಂದು ಹೆಸರಿಟ್ಟಿದ್ದಾರೆ. ಹೆಸರಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ನಾನು ಅಳೆಯಲು ಹೋಗಿಲ್ಲ. ಇಂಥ ನಾನು, ಒಂದು ಆಷಾಢದ ಭಾನುವಾರ, ನಮ್ಮ ನಡುಮನೆಯಲ್ಲಿ ಕಾಲು ಚಾಚಿ ಕೂತುಕೊಂಡು, ಇಡೀ ಬೀದಿಗೆ ಅಂಟುವಂಥ ಒಂದು ಹೊಸ ಮೂಢನಂಬಿಕೆಯನ್ನು ಸ್ವಂತವಾಗಿ ಹುಟ್ಟಿಸಿದೆ. ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅದಕ್ಕೆ ಮೊದಲು ನನ್ನ ಅತ್ತೆಯವರ ವಿಷಯ ಹೇಳಬೇಕು. ನನ್ನ ಹೆಂಡತಿ ಗಿರಿಜೆಯ ತಾಯಿ ಗೌರಮ್ಮನವರು ಅರಸೀಕೆರೆಯ ಕೊಬ್ಬರಿ ಮಂಡಿಯ ಮನೆತನದವರು. ತೆಂಗಿನಕಾಯಿಯನ್ನು ಬೆರಳಲ್ಲಿ ತಟ್ಟಿ ಒಳಗೆ ನೀರೆಷ್ಟಿದೆ, ತಿರುಳೆಷ್ಟಿದೆ ಎಂದು ಹೇಳಿಬಿಡುತ್ತಿದ್ದರು. ಮದುವೆಗೆ ಮುಂಚೆ ನನ್ನನ್ನೂ ಹಾಗೇ ಒಂದೆರಡು ಪ್ರಶ್ನೆ ಕೇಳಿ ತಟ್ಟಿ ನೋಡಿ, "ನೀರು ಜಾಸ್ತಿ, ಆದ್ರೂ ಪರವಾಗಿಲ್ಲ" ಎಂದರಂತೆ. ಕೊನೆಯ ನಾಲ್ಕು ವರ್ಷ ನಮ್ಮ ಜೊತೆಯಲ್ಲೇ ಇದ್ದರು. ಅವರಿಗೆ ಎರಡು ಹಟಗಳಿದ್ದವು. ಒಂದು, ಬೆಲ್ಲದ ಕಾಫಿ. ಇನ್ನೊಂದು, ಅವರ ಹಿತ್ತಾಳೆ ಲೋಟ. ಮದುವೆಯಲ್ಲಿ ಬಂದ ಲೋಟ ಅದು. ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ 'ಗೌರಮ್ಮ' ಎಂದು ಕೆತ್ತಿಸಿದ್ದರು. ಅದನ್ನು ಬೇರೆಯವರು ತೊಳೆಯಲು ಬಿಡುತ್ತಿರಲಿಲ್ಲ. ಕಾಫಿ ಕುಡಿದವರೇ ಸೊಂಟ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ, ತೊಟ್ಟಿಯ ನೀರಲ್ಲಿ ಜಾಲಾಡಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಬರುತ್ತಿದ್ದರು. "ನನ್ನ ಎಂಜಲು ಇನ್ನೊಬ್ಬರು ಯಾಕೆ ತೊಳೀಬೇಕು" ಎನ್ನುತ್ತಿದ್ದರು. ಈ ಮಾತು ನನಗೆ ಹೇಳಿದ್ದಾಗಿತ್ತು, ಆದರೆ ಆಗ ನನಗೆ ಕೇಳಿಸಿರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಬಂದಾಗ ಅದರ ಉಸ್ತುವಾರಿಯನ್ನು ನಾನು ವಹಿಸಿಕೊಂಡೆ. ಬೆರಳು ಚುಚ್ಚಿ ರಕ್ತ ನೋಡುವ ಮಿಷನ್ನು ತಂದೆ, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ, ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಶಿವರಾತ್ರಿ ಕಳೆದ ವಾರ ಒಂದು ಸಂಜೆ ಅವರು ಮಂಚದ ಮೇಲೆ ಕೂತು, "ಅಳಿಯಂದ್ರೇ, ಯಾಕೋ ಬಾಯೆಲ್ಲ ಸಪ್ಪೆ ಸಪ್ಪೆ. ಒಂದು ತೊಟ್ಟು ಬೆಲ್ಲದ ಕಾಫಿ ಕೊಡ್ಸಪ್ಪಾ" ಎಂದರು. ಗಿರಿಜೆ ಆಗಲೇ ಒಲೆ ಮೇಲೆ ನೀರಿಟ್ಟಿದ್ದಳು. ನಾನು ಹೋಗಿ ಗ್ಯಾಸ್ ಆರಿಸಿದೆ. "ಬೆಳಗ್ಗೆ ಇನ್ನೂರ ಎಪ್ಪತ್ತು ಇತ್ತು ಅತ್ತೆ, ಇವತ್ತು ಬೇಡ" ಎಂದೆ. "ನಾಳೆ?" ಎಂದರು. "ನಾಳೆ ನೋಡೋಣ" ಎಂದೆ. ಮಾರನೆಯ ಬೆಳಿಗ್ಗೆ ಅವರು ಏಳಲಿಲ್ಲ. ಡಾಕ್ಟರು ಹೃದಯ ನಿಂತಿದೆ, ಕಾಫಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ಸಂಬಂಧವಿಲ್ಲ ಎಂದು ನನಗೂ ಗೊತ್ತು. ಆದರೆ ಗಿರಿಜೆ ಆ ಸಂಜೆಯ ಬಗ್ಗೆ ಒಂದೇ ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ. ಅವಳು ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ಎಂದು ಕೇಳುವ ಧೈರ್ಯ ಈ ಧೈರ್ಯಸ್ಥನಿಗೆ ಐದು ತಿಂಗಳಾದರೂ ಬಂದಿರಲಿಲ್ಲ.

ಆ ಭಾನುವಾರ ಮುದ್ದೆ, ಹುರುಳಿಕಾಳಿನ ಸಾರು ಉಂಡು ಟೀವಿ ಮುಂದೆ ಕೂತೆವು. ಒಂದು ತಮಿಳು ಸಿನಿಮಾ. ಹಳ್ಳಿಗಾಡಿನ ದೆವ್ವದ ಕತೆ. ಹಳ್ಳಿಯ ನಂಬಿಕೆಗಳನ್ನೂ ಜಾನಪದವನ್ನೂ ಶೋಧಿಸಿದ್ದಾರೆ ಎಂದು ಪೇಪರಿನಲ್ಲಿ ಓದಿದ್ದೆ. ಶೋಧನೆ ಎಂದ ಮೇಲೆ ವಿಜ್ಞಾನದ ಮೇಷ್ಟ್ರು ನೋಡಲೇಬೇಕಲ್ಲ. ನನಗೆ ತಮಿಳು ಬರುತ್ತದೆ ಎಂದು ನಮ್ಮ ಮನೆಯಲ್ಲಿ ಒಂದು ನಂಬಿಕೆಯಿದೆ. ಮೇಷ್ಟ್ರಾಗುವ ಮುಂಚೆ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ಊಟ, ಬಸ್ಸು, ಸಂಬಳ, ರಜ, ಈ ನಾಲ್ಕು ವಿಷಯಗಳ ಬಗ್ಗೆ ನಿರರ್ಗಳವಾಗಿ ಮಾತಾಡುವಷ್ಟು ತಮಿಳು ಕಲಿತೆ. ಮದುವೆಯಾದ ಹೊಸತರಲ್ಲಿ ಅದನ್ನು ಸ್ವಲ್ಪ ಉಬ್ಬಿಸಿ ಹೇಳಿದ್ದೆ. ಹೊಸ ಗಂಡಂದಿರು ಏನೇನೋ ಹೇಳುತ್ತಾರೆ, ನಾನು ತಮಿಳು ಹೇಳಿದೆ. ಸಿನಿಮಾದಲ್ಲಿ ಕೆಳಗೆ ಇಂಗ್ಲಿಷ್ ಅಕ್ಷರಗಳೇನೋ ಓಡುತ್ತಿದ್ದವು, ಆದರೆ ನನ್ನ ಕನ್ನಡಕದ ಕಾಲು ಮುರಿದು ಬೇಲೂರಿನ ಅಂಗಡಿಯಲ್ಲಿ ರಿಪೇರಿಗೆ ಕೂತಿತ್ತು. ಗಿರಿಜೆ ಕಡಲೇಕಾಯಿ ಬಿಡಿಸುತ್ತಾ, "ನಿಮಗೆ ತಮಿಳು ಬರುತ್ತಲ್ಲ, ಹೇಳ್ತಾ ಹೋಗಿ" ಎಂದಳು.

ಹೇಳುತ್ತಾ ಹೋದೆ. ತಾಳೆಮರಗಳು, ಒಣಗಿದ ಕೆರೆ, ಊರಾಚೆ ಸಾಲಾಗಿ ನಿಂತ ದೊಡ್ಡ ದೊಡ್ಡ ಮಣ್ಣಿನ ಕುದುರೆಗಳು. ಇವನು ಅವನ ಭಾವಮೈದ ಎಂದೆ. ಹತ್ತು ನಿಮಿಷದ ಮೇಲೆ ಅವನು ಪೂಜಾರಿ ಎಂದು ಗೊತ್ತಾಯಿತು. ಭಾವಮೈದನೇ ಪೂಜಾರಿ ಎಂದು ಸರಿಮಾಡಿದೆ. ಒಬ್ಬ ಮುದುಕ ಎರಡು ನಿಮಿಷ ಕಣ್ಣೀರು ಸುರಿಸಿಕೊಂಡು ಮಾತಾಡಿದ. "ಬೇಡ ಅಂತಿದ್ದಾನೆ" ಎಂದೆ. "ಅಷ್ಟೇನಾ?" ಎಂದಳು. "ಅವರ ಭಾಷೇಲಿ ಬೇಡ ಅನ್ನೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ" ಎಂದೆ. ಇದೆಲ್ಲ ನಗುವ ಮಾತಾಯಿತು. ಆದರೆ ಆಮೇಲೆ ಒಂದು ದೃಶ್ಯ ಬಂತು. ಇಳಿಹೊತ್ತು. ಒಂದು ಮನೆಯ ಹಿತ್ತಿಲ ಬಾಗಿಲು. ಸಂಗೀತವಿಲ್ಲ, ಎಲ್ಲೋ ದೂರದಲ್ಲಿ ಒನಕೆ ಕುಟ್ಟುವ ಸದ್ದು ಮಾತ್ರ. ಬಿಳಿ ಸೀರೆಯ ಒಬ್ಬ ಮುದುಕಿ, ಕಿವಿ ಜೋತುಬಿದ್ದವಳು, ಬಂದು ಬಾಗಿಲ ಮುಂದೆ ನಿಂತಳು. ತಟ್ಟಲಿಲ್ಲ, ಕೂಗಲಿಲ್ಲ. ಬಲಗೈ ಮಾತ್ರ ಮುಂದೆ ಚಾಚಿದಳು. ಮನೆಯವರು ಬಾಗಿಲು ಹಾಕಿಕೊಂಡರು. ಮಾರನೆಯ ಸಂಜೆ ಮತ್ತೆ ಬಂದಳು. ಅದಾದ ಮಾರನೆಯ ಸಂಜೆಯೂ ಬಂದಳು. ಮೂರನೆಯ ಸಲ ಕ್ಯಾಮರಾ ಕಡೆಗೇ ತಿರುಗಿ, ಎಂದರೆ ನನ್ನ ಕಡೆಗೇ ತಿರುಗಿ, ಒಂದು ಮಾತು ಹೇಳಿದಳು. ನಮ್ಮ ಹಿತ್ತಿಲಲ್ಲಿ ಆಷಾಢದ ಗಾಳಿಗೆ ತೆಂಗಿನ ಗರಿಗಳು ಬರ್ರೆಂದು ಉಜ್ಜಾಡುತ್ತಿದ್ದವು. ಗಿರಿಜೆ ಕಡಲೇಕಾಯಿ ಬಿಡಿಸುವುದನ್ನು ನಿಲ್ಲಿಸಿ, "ರೀ, ಏನಂದಳು ಅಜ್ಜಿ?" ಎಂದು ಕೇಳಿದಳು.

ನನಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೂ ಬಾಯಿ ತಾನೇ ತೆರೆದುಕೊಂಡಿತು. "ಸಾಯೋಕೆ ಮುಂಚೆ ಅವಳು ಏನೋ ಕೇಳಿದ್ದಳಂತೆ. ಕೊಡಲಿಲ್ಲವಂತೆ. ಅದಕ್ಕೆ ಬರ್ತಾಳಂತೆ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಅವರಲ್ಲಿ ಒಂದು ಪದ್ಧತಿ ಇದೆ. ಕೊನೇಲಿ ಬೇಡ ಅಂದದ್ದನ್ನ ದಿನಾ ಇಳಿಹೊತ್ತಿನಲ್ಲಿ ಹಿತ್ತಿಲ ಬಾಗಿಲ ಹತ್ತಿರ ಇಟ್ಟು ಕದ ಹಾಕ್ಕೋಬೇಕಂತೆ. ಕಾಲು ಗಂಟೆ ಯಾರೂ ಆ ಕಡೆ ನೋಡಬಾರದಂತೆ. ಆಮೇಲೆ ಕೆಮ್ಮಿ ಬಾಗಿಲು ತೆಗೀಬೇಕಂತೆ. ನಲವತ್ತು ದಿನ." ಈ ಕೆಮ್ಮು ಎಲ್ಲಿಂದ ಬಂತು ಎಂದರೆ, ನಮ್ಮ ಮಾರ್ನಮಿ ಅಮಾವಾಸ್ಯೆಯಿಂದ. ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಅವರು ಉಂಡಿರಬಹುದು ಎನಿಸಿದ ಮೇಲೆ ಹೊರಗಿನಿಂದ ಕೆಮ್ಮಿ ತೆಗೆಯುವುದು ನಮ್ಮ ಕಡೆಯ ರೂಢಿ. ಉಣ್ಣುತ್ತಾ ಕೂತವರ ಮೇಲೆ ದಡಕ್ಕನೆ ನುಗ್ಗಬಾರದು ಎಂಬ ಮರ್ಯಾದೆ. ಗಿರಿಜೆ ನನ್ನ ಮುಖವನ್ನೇ ನೋಡಿ, "ತಮಿಳ್ನಾಡಲ್ಲೂ ಕೆಮ್ಮುತಾರಾ?" ಎಂದಳು. "ಸತ್ತವರಿಗೆ ಎಲ್ಲ ಕಡೆಯೂ ಕೆಮ್ಮೇ ಕಾಲಿಂಗ್ ಬೆಲ್ಲು ಕಣೇ" ಎಂದೆ. ಅವಳು ನಗಲಿಲ್ಲ. ಸಿನಿಮಾ ಮುಗಿಯುವವರೆಗೆ ಮತ್ತೆ ಏನನ್ನೂ ಕೇಳಲಿಲ್ಲ.

ಮಾರನೆಯ ಸಂಜೆ ಸ್ಕೂಲಿನಿಂದ ಬಂದು ಕೈಕಾಲು ತೊಳೆಯುವಾಗ ಬೆಲ್ಲದ ಕಾಫಿಯ ವಾಸನೆ ಬಂತು. ಐದು ತಿಂಗಳಿಂದ ನಮ್ಮ ಮನೆಯಲ್ಲಿ ಆ ವಾಸನೆ ಇರಲಿಲ್ಲ. ಅಡಿಗೆಮನೆಗೆ ಹೋದೆ. ಗಿರಿಜೆ ಅತ್ತೆಯವರ ಹಿತ್ತಾಳೆ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಹಿತ್ತಿಲ ಬಾಗಿಲ ಪಕ್ಕದಲ್ಲಿ, ಅಡಿಗೆಮನೆಯ ಕಿಟಕಿಯ ಕೆಳಗೆ, ಒಂದು ಸಣ್ಣ ಕಟ್ಟೆಯಿದೆ. ಅದರ ಮೇಲೆ ಲೋಟ ಇಟ್ಟು, ಒಳಗೆ ಬಂದು, ಚಿಲಕ ಹಾಕಿದಳು. "ಗಿರಿಜಾ, ಅದು ಸಿನಿಮಾ ಕಣೇ" ಎಂದೆ. "ಇರಲಿ ಬಿಡಿ. ಒಂದು ಲೋಟ ಕಾಫಿಗೆ ಏನಾಗುತ್ತೆ" ಎಂದಳು. ಒಂದು ಲೋಟ ಕಾಫಿಗೆ ಏನಾಗುತ್ತೆ ಎಂದು ನನಗೆ ಯಾರಾದರೂ ಶಿವರಾತ್ರಿಯ ವಾರದಲ್ಲಿ ಹೇಳಬೇಕಾಗಿತ್ತು. ನಡುಮನೆಗೆ ಹೋಗಿ ಪೇಪರು ಮುಖದ ಮುಂದೆ ಹಿಡಿದೆ. ಕಾಲು ಗಂಟೆಯ ಮೇಲೆ ಅವಳು ಕೆಮ್ಮಿದ್ದು ಕೇಳಿಸಿತು, ಚಿಲಕ ತೆಗೆದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದೆ. ಲೋಟ ಖಾಲಿಯಾಗಿತ್ತು.

ಬೆಕ್ಕು ಎಂದೆ. ಎರಡನೆಯ ದಿನವೂ ಖಾಲಿ. ನಾಯಿ ಎಂದೆ. ಮೂರನೆಯ ದಿನವೂ ಖಾಲಿ. ಈ ಸಲ ನನಗೇ ಅನುಮಾನ ಬಂತು: ಬೆಕ್ಕೋ ನಾಯಿಯೋ ಆಗಿದ್ದರೆ ಲೋಟ ಉರುಳಬೇಕು. ಲೋಟ ಇಟ್ಟಲ್ಲಿಯೇ ನೆಟ್ಟಗೆ ನಿಂತಿರುತ್ತಿತ್ತು, ತಳದಲ್ಲಿ ಒಂದಿಷ್ಟು ಗಸಿ ಉಳಿದಿರುತ್ತಿತ್ತು. ಅತ್ತೆಯವರೂ ಗಸಿ ಬಿಡುತ್ತಿದ್ದರು. ನಾಲ್ಕನೆಯ ದಿನ ನಾನು ವೈಜ್ಞಾನಿಕವಾಗಿ ಹೊರಟೆ. ಗಿರಿಜೆ ಲೋಟ ಇಡುವ ಮುಂಚೆ ಹಿತ್ತಿಲ ಮೆಟ್ಟಿಲಿಗೂ ಕಟ್ಟೆಯ ಸುತ್ತಲಿನ ನೆಲಕ್ಕೂ ರಾಗಿಹಿಟ್ಟನ್ನು ತೆಳ್ಳಗೆ ಉದುರಿಸಿದೆ. ಯಾವ ಪ್ರಾಣಿ ಬಂದರೂ ಹೆಜ್ಜೆ ಮೂಡಲೇಬೇಕು. ಬಾಗಿಲು ತೆಗೆದಾಗ ಲೋಟ ಖಾಲಿ. ಹಿಟ್ಟಿನ ಮೇಲೆ ಒಂದು ಗೆರೆಯೂ ಇಲ್ಲ. ಇನ್ನೊಂದು ವಿಷಯವನ್ನೂ ಗಮನಿಸಿದೆ. ಬೆಲ್ಲದ ಕಾಫಿ ಇದ್ದ ಲೋಟ, ಹತ್ತಿರ ಒಂದು ಇರುವೆಯೂ ಇಲ್ಲ. ಇರುವೆಗಳೆಲ್ಲ ಕಿಟಕಿ ಪಕ್ಕದ ಕರಿಬೇವಿನ ಗಿಡದ ಬುಡದಲ್ಲಿ ಸಾಲುಗಟ್ಟಿ ಓಡಾಡುತ್ತಿದ್ದವು. ಕಟ್ಟೆಯ ಕಡೆ ಬರಲು ಅವಕ್ಕೂ ಭಯವೇನೋ ಎನಿಸಿತು, ನಿಜ ಹೇಳುತ್ತೇನೆ. ಒಳಗೆ ಬಂದು ಚಿಲಕ ಹಾಕಿದೆ. ಆಮೇಲೆ ಅಗುಳಿಯನ್ನೂ ಹಾಕಿದೆ.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಲೋಟದಲ್ಲಿ ಕಾಫಿ ಹಾಗೇ ಇತ್ತು. ಮೇಲೆ ಕೆನೆಗಟ್ಟಿತ್ತು. ಗಿರಿಜೆ ಅದನ್ನು ನೋಡುತ್ತಾ ನಿಂತಳು. ಅವಳ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ನಾನದನ್ನು ದುಃಖ ಎಂದುಕೊಂಡೆ. ಅವತ್ತು ರಾತ್ರಿ ಅವಳು ಸರಿಯಾಗಿ ಉಣ್ಣಲಿಲ್ಲ, ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಾರನೆಯ ಸಂಜೆ ಅವಳು ಲೋಟ ಇಟ್ಟು ಕದ ಹಾಕಿದ ಕೂಡಲೇ, "ಅಂಗಡಿಗೆ ಹೋಗಿಬರ್ತೀನಿ" ಎಂದು ಮುಂಬಾಗಿಲಿನಿಂದ ಹೊರಟು, ಮನೆ ಪಕ್ಕದ ಸಂದಿಯಲ್ಲಿ ಅಡ್ಡಡ್ಡ ನುಸುಳಿ, ಹಿತ್ತಿಲಿಗೆ ಬಂದು, ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಸತ್ತ ಅತ್ತೆಯ ಕಾಫಿಯನ್ನು ಗಟಗಟ ಕುಡಿದೆ. ನಾಲಿಗೆ ಸುಟ್ಟುಕೊಂಡೆ. ಅವರಿಗೆ ಕೊಡದ ಕಾಫಿ ನನ್ನ ಗಂಟಲಲ್ಲಿ ಇಳಿಯುವಾಗ ಹೇಗಿತ್ತು ಎಂದು ಕೇಳಬೇಡಿ. ತುಂಬಾ ಚೆನ್ನಾಗಿತ್ತು. ಅದೇ ಕಷ್ಟವಾದದ್ದು. ಅವತ್ತಿನಿಂದ ದಿನಾ ಇದೇ ಕೆಲಸ. ಮೂಢನಂಬಿಕೆಯ ವಿರುದ್ಧ ಭಾಷಣ ಮಾಡುವವನು ಮುಸ್ಸಂಜೆಯಲ್ಲಿ ಸ್ವಂತ ಮನೆಯ ಸಂದಿಯಲ್ಲಿ ಕಳ್ಳನ ಹಾಗೆ ನುಸುಳುವುದನ್ನು ಒಂದು ಓತಿಕ್ಯಾತ ಮಾತ್ರ ನೋಡುತ್ತಿತ್ತು, ಅದೂ ತಲೆ ಅಲ್ಲಾಡಿಸುತ್ತಿತ್ತು.

ಇಷ್ಟೇ ಆಗಿದ್ದರೆ ನಮ್ಮ ಮನೆಯ ಮಾತಾಗಿ ಉಳಿಯುತ್ತಿತ್ತು. ನಮಗೆ ಹಾಲು ತಂದುಕೊಡುವ ಸಣ್ಣಮ್ಮ ಎಂಬಾಕೆ ಒಂದು ದಿನ ಕಟ್ಟೆಯ ಮೇಲಿನ ಲೋಟ ನೋಡಿ ಗಿರಿಜೆಯನ್ನು ಕೇಳಿದ್ದಾಳೆ. ಗಿರಿಜೆ ಹೇಳಿದ್ದಾಳೆ. ಸಣ್ಣಮ್ಮ ನಮ್ಮ ಬೀದಿಯ ಇಪ್ಪತ್ತು ಮನೆಗೆ ಹಾಲು ಹಾಕುತ್ತಾಳೆ. ಹಾಲಿನ ಜೊತೆ ಇದನ್ನೂ ಹಾಕಿದಳು. "ಮೇಷ್ಟ್ರೇ ಹೇಳವ್ರಂತೆ. ದೆವ್ವ ಇಲ್ಲ ಅನ್ನೋ ಮೇಷ್ಟ್ರೇ ಹೇಳವ್ರೆ ಅಂದ್ಮೇಲೆ ಅದ್ರಾಗೆ ಏನೋ ಐತೆ" ಎಂಬುದು ಅವಳ ವಾದ. ವಾದದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಒಬ್ಬರ ಮನೆಯ ಹಿತ್ತಿಲಲ್ಲಿ ತಾತ ಜಗಿಯುತ್ತಿದ್ದ ಕಡ್ಡಿಪುಡಿ ಹೊಗೆಸೊಪ್ಪು ಬಂತು, ಇನ್ನೊಬ್ಬರ ಮನೆಯಲ್ಲಿ ಆಸ್ಪತ್ರೆಯವರು ಬೇಡವೆಂದಿದ್ದ ಮೆಣಸಿನಕಾಯಿ ಬೋಂಡ ಬಂತು. ಬೀದಿಯ ಕೊನೆಯ ಮನೆಯವರು ತಮ್ಮ ಚಿಕ್ಕಪ್ಪನಿಗೆ ಇಸ್ಪೀಟಿನ ಕಟ್ಟು ಇಟ್ಟರು; ಒಬ್ಬರೇ ಹೇಗೆ ಆಡುತ್ತಾರೆ ಎಂದು ಯೋಚನೆ ಬಂದು ಪಕ್ಕದ ಮನೆಯ ತಾತನ ಪುಡಿಯ ಹತ್ತಿರಕ್ಕೇ ಸರಿಸಿದರಂತೆ. ಒಂದು ಸಂಜೆ, ನಾನು ಸಂದಿಯಲ್ಲಿ ಲೋಟ ಹಿಡಿದು ಕೂತಿದ್ದಾಗ, ಗಾಳಿ ಒಮ್ಮೆಲೇ ನಿಂತಿತು. ಆಗ ಕೇಳಿಸಿತು. ಒಂದು ಹಿತ್ತಿಲಲ್ಲಿ ಯಾರೋ ಕೆಮ್ಮಿದರು. ಅದರಾಚೆಯ ಹಿತ್ತಿಲಲ್ಲಿ ಇನ್ನೊಬ್ಬರು. ಆಮೇಲೆ ಆ ಬದಿಯಲ್ಲಿ, ಈ ಬದಿಯಲ್ಲಿ. ಕತ್ತಲಾಗುವ ಹೊತ್ತಿಗೆ ಇಡೀ ಬೀದಿಯ ಬಾಗಿಲುಗಳ ಹಿಂದೆ ಜನ ಒಬ್ಬರಾದ ಮೇಲೊಬ್ಬರು ಕೆಮ್ಮುತ್ತಾ, ಚಿಲಕ ತೆಗೆಯುತ್ತಾ, ಸುಮ್ಮನಾಗುತ್ತಾ ಇದ್ದರು. ನಾನು ಬಾಯಿಗೆ ಬಂದದ್ದು ಹೇಳಿ ಹುಟ್ಟಿಸಿದ ಪದ್ಧತಿ ಅದು. ಆದರೂ ಲೋಟ ಕಟ್ಟೆಯ ಮೇಲಿಟ್ಟು ಸಂದಿಯಿಂದ ಬೇಗ ಬೇಗ ಹೊರಬಿದ್ದೆ.

ಅದಾದ ಮೇಲೆ ಒಂದು ಮಂಗಳವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆ. ದೇವಸ್ಥಾನ ಮುಗಿಸಿ ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಹೋದೆವು. ಅಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಉಬ್ಬು ಮೇಲ್ಮೈಯಲ್ಲಿ ಪ್ರತಿಬಿಂಬ ಹೇಗೆ ಸೊಟ್ಟಗಾಗುತ್ತದೆ ಎಂದು ತೋರಿಸಲು ನಾನು ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. ಮಕ್ಕಳು ತಮ್ಮ ಉದ್ದ ಮೂಗು ನೋಡಿಕೊಂಡು ನಕ್ಕು ಹೊರಗೆ ಓಡಿದರು. ನಾನೊಬ್ಬನೇ ಕಂಬದ ಮುಂದೆ ಉಳಿದೆ. ಕಂಬದೊಳಗೆ ನಾನಿದ್ದೆ, ತೆಳ್ಳಗೆ ಉದ್ದಕ್ಕೆ. ನನ್ನ ಭುಜದ ಹಿಂದೆ ಇನ್ನೊಂದು ಆಕಾರವಿತ್ತು, ಗಿಡ್ಡ, ಬಾಗಿದ್ದು, ಬಿಳಿ. ತಟ್ಟನೆ ತಿರುಗಿದೆ. ಯಾರೂ ಇರಲಿಲ್ಲ. ಬಾಗಿಲಿಂದ ಬಿದ್ದ ಬೆಳಕು ಉಬ್ಬಿನಲ್ಲಿ ಡೊಂಕಾಗಿ ಹಾಗೆ ಕಂಡಿರಬೇಕು. ಅದಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆದು ಕಾರಣ ತೋರಿಸಬಲ್ಲೆ. ಮತ್ತೆ ಕಂಬದ ಕಡೆ ಮಾತ್ರ ನೋಡಲಿಲ್ಲ. ಹೊರಗೆ ಬಂದು ಮಕ್ಕಳನ್ನು ಎರಡೆರಡು ಸಲ ಎಣಿಸಿದೆ.

ಬಸ್ಸು ತಡವಾಗಿ, ಜಾವಗಲ್ಲಿಗೆ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಗಿರಿಜೆ ಕದ ಹಾಕಿ ಆಗಲೇ ಹತ್ತು ನಿಮಿಷವಾಗಿರಬೇಕು ಎಂದುಕೊಂಡು ನೆಟ್ಟಗೆ ಸಂದಿಗೆ ನುಗ್ಗಿದೆ. ಕಟ್ಟೆಯ ಮೇಲೆ ಲೋಟವಿರಲಿಲ್ಲ. ಸುತ್ತ ನೋಡಿದೆ. ಲೋಟ ಒಗೆಯುವ ಕಲ್ಲಿನ ಮೇಲಿತ್ತು. ಬೋರಲಾಗಿತ್ತು. ಈಗಷ್ಟೇ ತೊಳೆದಂತೆ ಅದರ ಮೈಯಿಂದ ನೀರು ಇಳಿಯುತ್ತಿತ್ತು. ಕಲ್ಲಿನ ಮೇಲೆ ಅದರ ಸುತ್ತ ಒಂದು ಒದ್ದೆಯ ಬಳೆ ಮೂಡಿತ್ತು. ಚುಕ್ಕಿಯ ಅಕ್ಷರದ ಹೆಸರು ತಲೆಕೆಳಗಾಗಿ ನನ್ನ ಕಡೆಗೇ ತಿರುಗಿತ್ತು. ನಾನು ಬಗ್ಗಿ ಅದನ್ನು ಓದುತ್ತಿದ್ದೆ. ಆಗ ಒಳಗಿನಿಂದ ಗಿರಿಜೆ ಕೆಮ್ಮಿದಳು. ಚಿಲಕ ತೆಗೆದು ಹೊರಗೆ ಬಂದಳು. ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು, ಹುಬ್ಬೇರಿಸಿದಳು, ಒಳಗೆ ಹೋದಳು. ನಾನು ಹಿತ್ತಿಲಲ್ಲಿ ಏನು ಮಾಡುತ್ತಿದ್ದೇನೆ ಎಂದು ಕೂಡ ಕೇಳಲಿಲ್ಲ. ಬೇಗ ತೆಗೆದು ಅವಳೇ ತೊಳೆದಿಟ್ಟು ಹೋಗಿರಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ.

ಮಾರನೆಯ ಬೆಳಿಗ್ಗೆ ಸಣ್ಣಮ್ಮನನ್ನು ಉಪಾಯವಾಗಿ ಕೇಳಿದೆ. "ನಿನ್ನೆ ಸಂಜೆ ನಮ್ಮ ಹಿತ್ತಿಲಲ್ಲಿ ಲೋಟ ಏನಾದ್ರೂ ಮುಟ್ಟಿದ್ಯಾ ಸಣ್ಣಮ್ಮ?"

"ಅಯ್ಯೋ ಶಿವನೇ, ಸತ್ತೋರ ಲೋಟವ ನಾನ್ಯಾಕ್ ಮುಟ್ಲಿ ಮೇಷ್ಟ್ರೇ? ಹಸಾ ಹೊಡ್ಕಂಡ್ ಹಿಂದಿನ ದಾರೀಲಿ ಬತ್ತಿದ್ದೆ, ಕಲ್ ತಾವ ಯಾರೋ ಬಗ್ಗಿ ಲೋಟ ತೊಳೀತಿದ್ದಂಗಿತ್ತು. ಅಮ್ಮಾವ್ರು ಅನ್ಕಂಡು ಸುಮ್ಕೆ ಬಂದೆ."

"ಬೆನ್ನು ಬಗ್ಗಿತ್ತಾ?"

"ಲೋಟ ತೊಳೆಯೋರ ಬೆನ್ನು ಬಗ್ಗದೆ ಇನ್ನೇನ್ ಆಯ್ತದೆ?" ಎಂದು ಅವಳು ಹಾಲು ಅಳೆದು ಹೋದಳು.

ಅದೇ ವಾರ ತಲೆಸುತ್ತು ಬಂದು ಅರಸೀಕೆರೆಯಲ್ಲಿ ಡಾಕ್ಟರಿಗೆ ತೋರಿಸಿದೆ. ನನಗೂ ಸಕ್ಕರೆ. ಇನ್ನೂರ ಎಪ್ಪತ್ತು! ಅತ್ತೆಯವರ ನೋಟ್‌ಬುಕ್ಕಿನ ಅದೇ ಸಂಖ್ಯೆ. "ಸಿಹಿ ತಿಂತೀರಾ?" ಎಂದರು ಡಾಕ್ಟರು. "ನಾನು ತಿನ್ನೋಲ್ಲ, ನಮ್ಮ ಅತ್ತೆಯವರದು" ಎಂದುಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಮನೆಗೆ ಬಂದು ಗಿರಿಜೆಗೆ ಚೀಟಿ ತೋರಿಸಿದೆ. ಓದಿ ಮಡಿಚಿಟ್ಟಳು. ಮಾರನೆಯ ದಿನದಿಂದ ಅತ್ತೆಯವರ ಕಾಫಿ ಸಪ್ಪೆಯಾಯಿತು. ಬೆಲ್ಲ ಮುಗಿದಿರಬೇಕು ಎಂದುಕೊಂಡೆ. ಮೇಷ್ಟ್ರುಗಳ ಬುದ್ಧಿ ಮನೆ ಹೊರಗೆ ಚುರುಕು.

ಆಮೇಲೆ ಮೈಸೂರಿನಲ್ಲಿ ಮೂರು ದಿನದ ತರಬೇತಿ ಬಂತು. ಮೂರು ಸಂಜೆಯೂ ನನಗೆ ಅದೇ ಯೋಚನೆ. ಲೋಟ ತುಂಬಿಯೇ ಉಳಿಯುತ್ತದೆ, ಗಿರಿಜೆ ಕೆನೆಗಟ್ಟಿದ ಕಾಫಿ ನೋಡುತ್ತಾ ನಿಲ್ಲುತ್ತಾಳೆ, ಅಮ್ಮ ಬರಲಿಲ್ಲ ಎಂದು ಅಳುತ್ತಾಳೆ. ವಾಪಸು ಬರುವಾಗ ಬೇಲೂರಿನಲ್ಲಿ ಇಳಿದು ಕನ್ನಡಕ ತೆಗೆದುಕೊಂಡು, ಜಾವಗಲ್ ಬಸ್ಸು ಹಿಡಿದು, ಮನೆ ಹೊಸ್ತಿಲು ದಾಟುವ ಮುಂಚೆಯೇ ಕೇಳಿದೆ. "ಮೂರು ದಿನವೂ ಕಾಫಿ... ಖಾಲಿಯಾಗಿತ್ತಾ?"

"ಇಟ್ಟಿರಲಿಲ್ಲ" ಎಂದಳು ಗಿರಿಜೆ. "ನೀವಿರಲಿಲ್ಲವಲ್ಲ, ಯಾರು ಕುಡೀತಾರೆ ಅಂತ ಇಡಲಿ?"

ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಅವಳು ಅದನ್ನೆತ್ತಿ ಕುರ್ಚಿಯ ಮೇಲಿಟ್ಟಳು. "ಮೀಸೇಲಿ ಬೆಲ್ಲದ ಕಾಫಿ ಅಂಟಿಸ್ಕೊಂಡು ಅಂಗಡಿಯಿಂದ ಬಂದೆ ಅಂದ್ರೆ ಗೊತ್ತಾಗಲ್ವಾ? ಮೊದಲ ದಿನಗಳಲ್ಲಿ ನಾನೇ ಕಿಟಕಿಯಿಂದ ಕೈಹಾಕಿ ಕರಿಬೇವಿನ ಗಿಡಕ್ಕೆ ಚೆಲ್ತಿದ್ದೆ. ನೀವು ಹಿಟ್ಟು ಹಾಕಿದ ದಿನ ನಗು ತಡೆಯೋಕಾಗಲಿಲ್ಲ. ಒಂದು ದಿನ ಸಣ್ಣಮ್ಮನ ಜೊತೆ ಮಾತಾಡ್ತಾ ಚೆಲ್ಲೋದು ಮರೆತೆ. ಮಾರನೇ ದಿನದಿಂದ ನೀವು ಶುರುಮಾಡಿದ್ರಿ."

"ಯಾಕೆ ಇಟ್ಟೆ ಹಾಗಾದ್ರೆ? ಸಿನಿಮಾ ನಂಬಿ ತಾನೇ?"

"ಸಿನಿಮಾದಲ್ಲಿ ಅದೆಲ್ಲಿತ್ತು? ಕೆಳಗೆ ಇಂಗ್ಲಿಷಲ್ಲಿ ಬರ್ತಿತ್ತಲ್ಲ, ನಾನು ಓದ್ತಾನೇ ಇದ್ದೆ. ನಿಮಗೆ ಹೇಳೋ ಆಸೆ, ಹೇಳಲಿ ಅಂತ ಸುಮ್ಮನಿದ್ದೆ. ಆ ಅಜ್ಜಿ ದೆವ್ವನೇ ಅಲ್ಲ, ಬದುಕಿರೋಳು. ಅವಳ ಮೊಮ್ಮಗಳನ್ನ ಊರವರೇ ಬಾವಿಗೆ ತಳ್ಳಿ, ದೆವ್ವ ಹೊತ್ಕೊಂಡು ಹೋಯ್ತು ಅಂತ ಕತೆ ಕಟ್ಟಿರ್ತಾರೆ. ನನ್ನ ಮಗು ಎಲ್ಲಿ ಅಂತ ಅವಳು ಕೇಳಿದ್ದು." ಗಿರಿಜೆ ಸೆರಗಿನಿಂದ ಕುರ್ಚಿಯ ಕೈ ಒರೆಸಿದಳು. "ಏನಂದಳು ಅಂತ ಕೇಳಿದ್ರೆ ನೀವು ಇನ್ನೇನೋ ಅಂದ್ರಿ. ಆಗ ಗೊತ್ತಾಯ್ತು, ನೀವಿನ್ನೂ ಆ ಒಲೆ ಮುಂದೆಯೇ ನಿಂತಿದ್ದೀರಿ ಅಂತ. ಇಷ್ಟು ತಿಂಗಳೂ ನೀವೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಮ್ಮನಿಗೆ ಕಾಫಿ ಬೇಡ ಅಂದದ್ದು ಅವರ ಒಳ್ಳೇದಕ್ಕೇ ಅಂತ ನನಗೆ ಗೊತ್ತಿಲ್ವಾ? ಅಮ್ಮ ಬಂದು ಕುಡಿದ್ರು ಅಂತಾದ್ರೂ ನಿಮ್ಮ ಮನಸ್ಸು ಹಗುರಾಗಲಿ ಅಂತ ಚೆಲ್ತಿದ್ದೆ. ಆ ಕಾಫಿ ಅಮ್ಮನಿಗಲ್ಲ ಕಣ್ರೀ, ನಿಮಗೆ ಇಟ್ಟದ್ದು."

ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು, ರಿಪೇರಿಯಾಗಿ ಬಂದ ಕನ್ನಡಕ ಒದ್ದೆಮಾಡಿಕೊಂಡು ಬಿಕ್ಕಿಬಿಕ್ಕಿ ಅತ್ತೆ. ಅವಳೂ ಅತ್ತಳು. ಆಮೇಲೆ ಇಬ್ಬರೂ ಮೂಗು ಒರೆಸಿಕೊಂಡು ನಕ್ಕೆವು. ಇಷ್ಟು ತಿಂಗಳ ಭಾರ ಎದೆಯಿಂದ ಇಳಿದಂತಾಗಿ, ನಾನು ಹಗುರಾದ ದನಿಯಲ್ಲಿ, "ಎಲ್ಲಾ ಸರಿ, ಆ ಮಂಗಳವಾರ ಮಾತ್ರ ನನ್ನ ಜೀವ ತೆಗೆದುಬಿಟ್ಟೆ ನೋಡು. ಲೋಟ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದ್ಯಲ್ಲ" ಎಂದೆ.

ಗಿರಿಜೆಯ ನಗು ನಿಂತಿತು. "ನಾನೆಲ್ಲಿ ಹಾಕಿದೆ? ಕೆಮ್ಮೋವರೆಗೂ ನಾನು ಕದವೇ ತೆಗೀಲಿಲ್ಲ. ನೀವಲ್ಲವಾ ತೊಳೆದದ್ದು?"

ಹೊರಗೆ ಮುಸ್ಸಂಜೆಯಾಗಿತ್ತು. ಬೀದಿಯ ಆ ಕೊನೆಯಲ್ಲಿ ಯಾರೋ ಕೆಮ್ಮಿ ಬಾಗಿಲು ತೆಗೆದರು. ಅವಳ ಕಣ್ಣಲ್ಲಿ ಭಯ ಕಂಡು ನಾನು ತಟ್ಟನೆ, "ಹೌದು ಹೌದು, ಮರೆತಿದ್ದೆ. ನಾನೇ ತೊಳೆದದ್ದು" ಎಂದೆ. ಗಿರಿಜೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರ. ಅದರಲ್ಲಿ ನಾನು ಕುಡಿದ ಕಾಫಿ ಎಷ್ಟೋ, ತೊಳೆದ ಲೋಟ ಒಂದೂ ಇಲ್ಲ. "ಅವತ್ತೇ ಅಂದುಕೊಂಡೆ, ಇವರಿಗೆ ಈ ಬುದ್ಧಿ ಎಲ್ಲಿಂದ ಬಂತಪ್ಪಾ ಅಂತ" ಎಂದಳು. ಆಮೇಲೆ ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ, ವಿಭೂತಿ ತಂದು ಮೊದಲು ತನಗೆ, ಆಮೇಲೆ ನನಗೆ ಇಟ್ಟಳು. ನಾನು ಲೋಟ ತೊಳೆದೆ ಎಂದು ನಂಬುವುದಕ್ಕಿಂತ, ಸತ್ತ ಅಮ್ಮ ಬಂದು ತೊಳೆದರು ಎಂದು ನಂಬುವುದು ಅವಳಿಗೆ ಸುಲಭವಾಯಿತು. ನಾನೂ ಸಾಕ್ಷ್ಯ ನೋಡಿ ಮಾತಾಡುವವನು. ಸಾಕ್ಷ್ಯವೆಲ್ಲ ಅವಳ ಕಡೆಗೇ ಇತ್ತು.

ಈಗ ನನ್ನ ಲೋಟ ನಾನೇ ತೊಳೆದು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕುತ್ತೇನೆ, ಅತ್ತೆಯವರ ಲೋಟದ ಪಕ್ಕದಲ್ಲಿ. ಮುಂದೆ ಯಾರಿಗಾದರೂ ತೊಳೆದ ಲೋಟ ಕಂಡರೆ, ಅದು ನಾನೇ ಎಂದು ಹೇಳಲು ಒಂದು ಆಧಾರವಾದರೂ ಇರಲಿ ಎಂದು. ಶಾಲೆಯಲ್ಲಿ ಎಂದಿನಂತೆ ನಿಂಬೆಹಣ್ಣು ಕೊಯ್ಯುತ್ತೇನೆ, ದೆವ್ವ ಇಲ್ಲ ಎನ್ನುತ್ತೇನೆ. ಸಂಜೆ ಹಿತ್ತಿಲ ಬಾಗಿಲು ತೆಗೆಯುವ ಮುಂಚೆ ಮಾತ್ರ ಒಂದು ಸಲ ಕೆಮ್ಮುತ್ತೇನೆ. ಗಂಟಲು ಸರಿಯಿಲ್ಲ ಎಂದು ಗಿರಿಜೆಗೆ ಹೇಳಿದ್ದೇನೆ.